ಓಜು ಅವರ ‘ಒಬ್ಬನೇ ಮಗ’ (1936): ಆ ತಾಯಿ ಕೊನೆಯಲ್ಲಿ ಹೇಳಿದ್ದು ಸುಳ್ಳಾ?

ಹಿಪ್ಪುನೇರಳೆ

ಶನಿವಾರ ರಾತ್ರಿ ಜಪಾನಿನ ನಿರ್ದೇಶಕ ಯಸುಜಿರೋ ಓಜು ಅವರ ‘ಹಿತೋರಿ ಮುಸುಕೊ’ ನೋಡಿದೆ. ‘ಒಬ್ಬನೇ ಮಗ’ ಅಂತ ಅರ್ಥ. 1936ರದ್ದು, ಓಜು ಮಾಡಿದ ಮೊದಲ ಮಾತಿನ ಚಿತ್ರ. ನೋಡಿ ನಾಲ್ಕು ದಿನ ಆಯ್ತು, ಇನ್ನೂ ಅದರಲ್ಲೇ ಇದ್ದೀನಿ. ಇಲ್ಲಿ ನೋಡಿದವರಿದ್ದರೆ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡ್ತಿದ್ದೀನಿ. ಕಥೆ ಕೊನೆಯವರೆಗೂ ಹೇಳ್ತೀನಿ. ನೋಡದವರು ಮೊದಲು ನೋಡಿ ಬನ್ನಿ.

1923, ಜಪಾನಿನ ಶಿನ್‌ಶೂ ಸೀಮೆ, ಅಂದರೆ ಈಗಿನ ನಾಗಾನೊ. ಗುಡ್ಡದ ನಾಡು, ರೇಷ್ಮೆ ನಾಡು. ಓ-ತ್ಸುನೆ ಅನ್ನೋ ವಿಧವೆ ರೇಷ್ಮೆ ಗಿರಣಿಯಲ್ಲಿ ಕೂಲಿ. ಮಗ ರ್‍ಯೋಸುಕೆ ಓದಿನಲ್ಲಿ ಚುರುಕು. ಮುಂದಿನ ಶಾಲೆಗೆ ಸೇರ್ತೀನಿ ಅಂತ ಮೇಷ್ಟ್ರ ಹತ್ತಿರ ತಾನಾಗೇ ಹೇಳಿ ಬಂದಿರ್ತಾನೆ. ಮೇಷ್ಟ್ರು ಮನೆಗೆ ಬಂದು ‘ಒಳ್ಳೇ ತೀರ್ಮಾನ’ ಅಂತ ಮೆಚ್ಚಿಕೊಂಡಾಗಲೇ ತಾಯಿಗೆ ವಿಷಯ ಗೊತ್ತಾಗೋದು. ಅವರು ಅತ್ತ ಹೋದ ಮೇಲೆ ಮಗನಿಗೆ ಒಂದು ಏಟು ಬೀಳುತ್ತೆ. ಆಮೇಲೆ ಅದೇ ತಾಯಿ ಮನಸ್ಸು ಗಟ್ಟಿ ಮಾಡಿಕೊಂಡು, ಓದು, ದೊಡ್ಡ ಮನುಷ್ಯ ಆಗು, ದುಡ್ಡಿನ ಚಿಂತೆ ನಿನಗೆ ಬೇಡ ಅಂತಾಳೆ.

ಹದಿಮೂರು ವರ್ಷ ಕಳೆಯುತ್ತೆ. ಮಗ ಟೋಕಿಯೋದಲ್ಲಿದಾನೆ. ತಾಯಿ ನೋಡೋಕೆ ಬರ್ತಾಳೆ. ಬಂದ ಮೇಲೆ ಒಂದೊಂದೇ ಗೊತ್ತಾಗುತ್ತೆ: ಮಗನಿಗೆ ಮದುವೆ ಆಗಿದೆ, ಒಂದು ಕೂಸೂ ಇದೆ, ಅವಳಿಗೆ ಹೇಳೇ ಇಲ್ಲ. ಕೆಲಸ ರಾತ್ರಿ ಶಾಲೆಯಲ್ಲಿ ಪಾಠ ಹೇಳೋದು. ಮನೆ ಇರೋದು ಊರಿನ ಅಂಚಿನಲ್ಲಿ, ಕಸ ಸುಡೋ ಚಿಮಣಿಗಳ ಹತ್ತಿರ. ತಾಯಿಯನ್ನ ಊರು ಸುತ್ತಿಸೋಕೆ ಸಹೋದ್ಯೋಗಿಗಳ ಹತ್ತಿರ ಕೈಗಡ ತಂದಿದಾನೆ. ಒಂದು ರಾತ್ರಿ ತಾಯಿ ಬಾಯಿಬಿಟ್ಟು ಹೇಳ್ತಾಳೆ: ಮನೆ ಮಾರಿದೆ, ಹಿಪ್ಪುನೇರಳೆ ತೋಟ ಮಾರಿದೆ, ಈಗ ಗಿರಣಿಯವರ ವಠಾರದಲ್ಲಿದ್ದೀನಿ.

ಕೊನೆಗೆ ಊರಿಗೆ ವಾಪಸ್ ಹೋಗಿ, ಗಿರಣಿಯಲ್ಲಿ ನೆಲ ಒರೆಸ್ತಾ, ಜೊತೆಯವಳ ಹತ್ತಿರ ಹೇಳ್ತಾಳೆ: ಮಗ ದೊಡ್ಡ ಮನುಷ್ಯ ಆಗಿದಾನೆ, ಸೊಸೆ ಒಳ್ಳೆಯವಳು, ಇನ್ನು ನೆಮ್ಮದಿಯಾಗಿ ಕಣ್ಣು ಮುಚ್ಚಬಹುದು. ಆಮೇಲೆ ಒಬ್ಬಳೇ ಹಿಂದಿನ ಅಂಗಳಕ್ಕೆ ಬಂದು ಕೂರ್ತಾಳೆ. ಮುಖ ಇಳಿದುಹೋಗುತ್ತೆ. ಮುಚ್ಚಿದ ದೊಡ್ಡ ಬಾಗಿಲು. ಅಲ್ಲಿಗೆ ಸಿನಿಮಾ ಮುಗೀತು.

ನಾನು ಕೇಳಬೇಕು ಅಂತಿರೋದು ಇಷ್ಟೇ. ಆ ಮಾತು ಸುಳ್ಳಾ? ಅಥವಾ ಅಷ್ಟು ದೂರ ಹೋಗಿ ಬಂದು ಅವಳು ನಿಜವಾಗಿಯೂ ಹಾಗೇ ಅಂದುಕೊಂಡಳಾ?

ನಮ್ಮೂರು ಶಿಡ್ಲಘಟ್ಟದ ಕಡೆ. ನಮ್ಮಮ್ಮ ಹನ್ನೊಂದು ವರ್ಷ ಫಿಲೇಚರಿನಲ್ಲಿ, ಅಂದರೆ ರೇಷ್ಮೆ ಗಿರಣಿಯಲ್ಲಿ, ನೂಲು ತೆಗೆದವರು. ನಾನು ಎಂಜಿನಿಯರಿಂಗ್ ಸೇರುವಾಗ ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪಿನ ತೋಟ ಹೋಯ್ತು. ಎರಡು ವರ್ಷದ ಹಿಂದೆ ಬೆಂಗಳೂರಲ್ಲಿ ನನ್ನ ಕೆಲಸ ಹೋದಾಗ ಐದು ತಿಂಗಳು ಅಮ್ಮನಿಗೆ ಹೇಳಲಿಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ಸಾಲ ಮಾಡಿ ಅವರ ಖಾತೆಗೆ ದುಡ್ಡು ಹಾಕ್ತಿದ್ದೆ. ಹಾಗಾಗಿ ಈ ಸಿನಿಮಾ ನನಗೆ ದೂರದ ದೇಶದ್ದು ಅನ್ನಿಸಲಿಲ್ಲ.

ಹಳೇ ರೀಲು

ಒಳ್ಳೆಯ ಚರ್ಚೆ ಎತ್ತಿದ್ದೀರಿ. ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಫಿಲಂ ಸೊಸೈಟಿಯ ಮಡಚೋ ಕುರ್ಚಿಯ ಮೇಲೆ ಕೂತು, ಗೀರು ಬಿದ್ದ ಪ್ರಿಂಟಿನಲ್ಲಿ. ಓಜು ಎಂದರೆ ಎಲ್ಲರೂ 1953ರ ‘ಟೋಕಿಯೋ ಸ್ಟೋರಿ’ ಹೆಸರು ಹೇಳುತ್ತಾರೆ. ಆ ಚಿತ್ರದ ಬೀಜ ಇಲ್ಲಿದೆ: ಊರಿನಿಂದ ಬರುವ ಹಿರಿಯರು, ಅವರನ್ನು ಹೇಗೆ ಸತ್ಕರಿಸಬೇಕೆಂದು ತಿಳಿಯದ ಮಕ್ಕಳು. ಆದರೆ ಅಲ್ಲಿ ಮಕ್ಕಳಿಗೆ ಬಿಡುವಿಲ್ಲ, ಇಲ್ಲಿ ಮಗನ ಹತ್ತಿರ ದುಡ್ಡಿಲ್ಲ. ಈ ವ್ಯತ್ಯಾಸ ಬಹಳ ದೊಡ್ಡದು. ಬಿಡುವಿಲ್ಲದ ಮಗನ ಮೇಲೆ ನಮಗೆ ಕೋಪ ಬರುತ್ತದೆ. ದುಡ್ಡಿಲ್ಲದ ಈ ಮಗನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ?

ಹಿನ್ನೆಲೆ ಒಂದಿಷ್ಟು ಹೇಳುತ್ತೇನೆ. ಜಪಾನಿನ ಬೇರೆ ನಿರ್ದೇಶಕರು ಮಾತಿನ ಚಿತ್ರಕ್ಕೆ ಹೋಗಿ ಐದಾರು ವರ್ಷವಾದರೂ ಓಜು ಮೂಕಿಯಲ್ಲೇ ಉಳಿದಿದ್ದರು. ಅವರ ಛಾಯಾಗ್ರಾಹಕ ಮೋಹಾರಾ ತಮ್ಮದೇ ಒಂದು ಧ್ವನಿಮುದ್ರಣ ಯಂತ್ರವನ್ನು ಕಟ್ಟುತ್ತಿದ್ದರು. ಅದು ಸಿದ್ಧವಾಗುವವರೆಗೆ ಕಾಯುತ್ತೇನೆಂದು ಓಜು ಮಾತು ಕೊಟ್ಟಿದ್ದರು, ಆ ಮಾತು ಉಳಿಸಿಕೊಂಡರು. ಅಷ್ಟರಲ್ಲಿ ಅವರ ಚಿತ್ರನಿರ್ಮಾಣ ಸಂಸ್ಥೆ ಷೋಚಿಕು ಕಾಮಾತಾದಿಂದ ಓಫುನಾದ ಹೊಸ ಸ್ಟುಡಿಯೋಗೆ ಹೊರಟುಹೋಗಿತ್ತು. ಖಾಲಿಯಾದ ಹಳೆಯ ಕಾಮಾತಾದಲ್ಲೇ ಇದನ್ನು ತೆಗೆದರು. ಅಲ್ಲಿ ಸದ್ದು ತಡೆಯುವ ಗೋಡೆಗಳಿರಲಿಲ್ಲ. ಪಕ್ಕದಲ್ಲೇ ರೈಲು. ಹಾಗಾಗಿ ರೈಲುಗಳು ನಿಂತ ಮೇಲೆ, ನಡುರಾತ್ರಿ ಚಿತ್ರೀಕರಣ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಆ ರಾತ್ರಿ ಮಾತುಕತೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ತಾಯಿ, ಮಗ, ಸೊಸೆ ಮೂವರೂ ಅಳುತ್ತಿರುವಾಗ ಕ್ಯಾಮೆರಾ ಅವರನ್ನು ಬಿಟ್ಟು ಕೋಣೆಯ ಖಾಲಿ ಮೂಲೆಯೊಂದನ್ನು ತುಂಬಾ ಹೊತ್ತು ನೋಡುತ್ತದೆ. ಅಳು ಮಾತ್ರ ಕೇಳುತ್ತದೆ. ಮೊದಲ ಸಲ ಕೈಗೆ ಧ್ವನಿ ಸಿಕ್ಕಿದಾಗ ಓಜು ಅದನ್ನು ಬಳಸಿದ್ದು ಹೀಗೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಸುಳ್ಳೇ. ಚಿತ್ರದ ಆರಂಭದಲ್ಲಿ ಜಪಾನಿನ ಲೇಖಕ ಅಕುತಗಾವಾ ರ್‍ಯೂನೊಸುಕೆಯ ಒಂದು ವಾಕ್ಯವಿದೆ. ಬದುಕಿನ ದುರಂತದ ಮೊದಲ ಅಂಕ ಶುರುವಾಗುವುದೇ ತಂದೆತಾಯಿ ಮಕ್ಕಳಾಗುವುದರಿಂದ ಎಂದು. ಬಾಗಿಲಲ್ಲೇ ಅದನ್ನು ಬರೆದಿಟ್ಟ ನಿರ್ದೇಶಕ ಕೊನೆಯಲ್ಲಿ ಸಮಾಧಾನ ಹಂಚುವುದಿಲ್ಲ.

ಲೆಕ್ಕದ ಪುಸ್ತಕ

ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸಿನಿಮಾ ಭಾಷೆ ನನಗೆ ಹೆಚ್ಚು ತಿಳಿಯದು. ಈ ಚರ್ಚೆ ಓದಿ ನಿನ್ನೆ ಸಂಜೆ ನೋಡಿದೆ. ದುಡ್ಡು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗಮನಿಸುವುದು ನನ್ನ ಅಭ್ಯಾಸ. ಹಾಗೆ ನೋಡಿದರೆ ಈ ಕಥೆ ಬೇರೆಯೇ ಕಾಣುತ್ತದೆ.

ಮೊದಲು ತೋಟ ಮತ್ತು ಮನೆ ಮಗನ ಓದಾಗಿ ಬದಲಾಗುತ್ತದೆ. ಓದು ನೌಕರಿಯಾಗಬೇಕಿತ್ತು. ಆಯಿತು, ಆದರೆ ಸಣ್ಣ ನೌಕರಿ. ಸಂಬಳ ಮನೆ ಖರ್ಚಿಗೆ ಸಾಲದು, ಹಾಗಾಗಿ ತಾಯಿ ಬಂದಾಗ ಕೈಗಡ. ಆ ಕೈಗಡ ಎರಡು ಮೂರು ದಿನದಲ್ಲಿ ತಿರುಗಾಟಕ್ಕೆ, ಸಿನಿಮಾ ಟಿಕೀಟಿಗೆ, ಊಟಕ್ಕೆ ಖಾಲಿ. ಆಗ ಸೊಸೆ ಸುಗಿಕೊ ತನ್ನ ಕಿಮೋನೊ ಮಾರಿ ದುಡ್ಡು ತಂದು ಗಂಡನ ಕೈಗಿಡುತ್ತಾಳೆ, ಅತ್ತೆಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ಅಂತ. ಹೊರಡಬೇಕು, ಅಷ್ಟರಲ್ಲಿ ನೆರೆಮನೆಯ ಬಡ ಹೆಂಗಸಿನ ಮಗನಿಗೆ ಕುದುರೆ ಒದ್ದುಬಿಡುತ್ತದೆ. ಬೇಸ್‌ಬಾಲ್ ಗ್ಲೌಸಿನ ಆಸೆಗೆ ಬಿದ್ದು ಆ ಹುಡುಗ ಕುದುರೆಯ ಹತ್ತಿರ ಹೋಗಿದ್ದ. ರ್‍ಯೋಸುಕೆ ಕಿಮೋನೊ ದುಡ್ಡನ್ನು ಆಸ್ಪತ್ರೆ ಖರ್ಚಿಗೆ ಆ ತಾಯಿಯ ಕೈಗೆ ಕೊಟ್ಟುಬಿಡುತ್ತಾನೆ. ಕೊನೆಯಲ್ಲಿ ಓ-ತ್ಸುನೆ ಹೊರಡುವಾಗ ಮೊಮ್ಮಗುವಿಗೆ ಏನಾದರೂ ಕೊಡಿಸಿ ಅಂತ ದುಡ್ಡಿಟ್ಟು ಹೋಗುತ್ತಾಳೆ. ಗಿರಣಿ ಕೂಲಿಯಿಂದ ಉಳಿಸಿದ ದುಡ್ಡು.

ಈಗ ನೋಡಿ. ತಾಯಿಯಿಂದ ಹೊರಟ ದುಡ್ಡು ತಾಯಿಗೆ ವಾಪಸಾಗಲೇ ಇಲ್ಲ. ಹೋಗುವಾಗಲೂ ಕೊಟ್ಟವಳು ಅವಳೇ. ಬ್ಯಾಂಕಿನ ಭಾಷೆಯಲ್ಲಿ ಇದು ವಸೂಲಾಗದ ಸಾಲ. ಆದರೆ ಮೂವತ್ತನಾಲ್ಕು ವರ್ಷದಲ್ಲಿ ಒಂದು ಮಾತು ಕಲಿತಿದ್ದೇನೆ. ಸಾಲಗಾರನಿಗೆ ತೀರಿಸುವ ಮನಸ್ಸಿದೆಯೋ ಇಲ್ಲವೋ ಅನ್ನುವುದು ಅವನ ಕೈಗೆ ಇದ್ದಕ್ಕಿದ್ದಂತೆ ದುಡ್ಡು ಬಂದಾಗ ತಿಳಿಯುತ್ತದೆ. ರ್‍ಯೋಸುಕೆಗೆ ಕಿಮೋನೊ ದುಡ್ಡು ಬಂದಾಗ ಅವನು ಏನು ಮಾಡಿದ? ಅದನ್ನು ತಾಯಿ ಕಣ್ಣಾರೆ ಕಂಡಳು. ನೀನು ಶ್ರೀಮಂತ ಆಗಿದ್ದರೆ ಹೀಗೆ ಮಾಡುತ್ತಿದ್ದೆಯೋ ಇಲ್ಲವೋ, ಆಗದೇ ಇದ್ದದ್ದೇ ಒಳ್ಳೆಯದಾಯಿತೇನೋ, ಊರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ ಅನ್ನುವ ಅರ್ಥದ ಮಾತು ಆಡಿದಳು. ಹಾಗಾಗಿ ಕೊನೆಯ ಮಾತು ಸುಳ್ಳಲ್ಲ ಅಂತ ನನ್ನ ಎಣಿಕೆ. ‘ದೊಡ್ಡ ಮನುಷ್ಯ’ ಅನ್ನುವ ಪದದ ಅರ್ಥ ಅವಳ ಪಾಲಿಗೆ ಟೋಕಿಯೋದಲ್ಲಿ ಬದಲಾಗಿತ್ತು.

ಧಾರವಾಡದಾಕಿ

ಲೆಕ್ಕ ಛಲೋ ಮಾಡೀರಿ ಸರ್. ಆದ್ರ ಒಂದು ಸಾಲು ಓದಿ ಮುಂದ ಹೋಗಿಬಿಟ್ರಿ, ನಾ ಅಲ್ಲೇ ನಿಂತೇನಿ. ಕಿಮೋನೊ ಯಾರ್ದು? ಸುಗಿಕೊಂದು. ಅದನ್ನ ಆಕಿ ಅತ್ತಿ ಸಲುವಾಗಿ ಮಾರಿದ್ಲು. ಗಂಡ ತಗೊಂಡು ನೆರಿಮನಿ ಹುಡುಗಗ ಕೊಟ್ಟ. ಅತ್ತಿ ಮಗನ್ನ ಮೆಚ್ಚಿದ್ಲು. ಪುಣ್ಯಾ ಎಲ್ಲಾ ಮಗನ ಖಾತೆಕ್ಕ ಜಮಾ ಆತು, ಸೀರಿ ಹೋದಾಕಿ ಹೆಸರ ಯಾರೂ ಎತ್ತಲಿಲ್ಲ.

ಆ ರಾತ್ರಿ ತಾಯಿ ಮಗ ಇಬ್ರೂ ಮನಸ್ಸು ಬಿಚ್ಚಿ ಮಾತಾಡೂಮುಂದ ಆಕಿ ಹಾಸಿಗ್ಯಾಗ ಎಚ್ಚರನ ಇದ್ಲು, ಎಲ್ಲಾ ಕೇಳಿಸ್ಕೊಂಡು ಅಳಾಕತ್ತಿದ್ಲು. ಎದ್ದು ಬಂದು ಒಂದ ಮಾತಾಡಲಿಲ್ಲ. ನಾ ಮದಿವಿಯಾಗಿ ಬಂದ ಹೊಸದಾಗಿ ಹಿಂಗ ಗ್ವಾಡಿ ಕಡೆ ಮುಖಾ ಮಾಡಿ ಮಲಕೊಂಡು ಅತ್ತಿ-ಗಂಡನ ಮಾತು ಕೇಳಿಸ್ಕೊಂಡಾಕಿ. ರೊಕ್ಕದ ಮಾತ. ನನ್ನ ತವರಿನ ಬಂಗಾರದ ಪಾಟ್ಲಿ ಮರುದಿನ ನಾನ ತಗದು ಕೊಟ್ಟೆ. ಯಾರೂ ಕೇಳಿರಲಿಲ್ಲ, ಅದು ಖರೆ. ಆದ್ರ ಕೇಳದನ ಕೊಡೂದು ಸೊಸಿಗೆ ಎಷ್ಟು ಸಲೀಸು ಅಂತ ಎಲ್ಲಾರೂ ತಿಳಕೊಂಡಿರ್ತಾರ.

ಓಜು ಆಕೀನ ಕಂಡಾನ, ಆ ಮಾತು ಒಪ್ಪತೇನಿ. ಆಕಿ ಕಣ್ಣೀರು ಒರಸಿಕೊಳ್ಳೂದನ್ನ ತೋರಿಸ್ಯಾನ. ನಾವು ನೋಡಿದವರ ಆಕೀನ ಕಾಣಲಿಲ್ಲ.

ಹಿಪ್ಪುನೇರಳೆ

ಅಕ್ಕಾವರೆ, ನಿಜ. ನಾನು ಕಥೆ ಬರೆಯುವಾಗ ಸೊಸೆಯ ಹೆಸರು ಸಹ ಹಾಕಿರಲಿಲ್ಲ, ಈಗ ವಾಪಸ್ ಹೋಗಿ ನೋಡಿದೆ. ಕ್ಷಮಿಸಿ.

ಚಂದ್ರಿಕೆ

ರಾಮನಗರದಿಂದ ಬರೀತಿದ್ದೀನಿ. ನಮ್ಮದು ಮೂರು ತಲೆಮಾರಿನ ನೂಲು ಬಿಚ್ಚಾಣಿಕೆ. ಸಿನಿಮಾ ಬಗ್ಗೆ ಅಲ್ಲ, ಗಿರಣಿ ಬಗ್ಗೆ ಹೇಳ್ತೀನಿ.

ನಾಗಾನೊ ಸೀಮೆಯ ಓಕಾಯಾ, ಸುವಾ ಸರೋವರದ ಸುತ್ತ ಆಗ ರೇಷ್ಮೆ ಗಿರಣಿಗಳೇ ಗಿರಣಿಗಳು. ಹಳ್ಳಿ ಹುಡುಗಿಯರು ನೊಮುಗಿ ಕಣಿವೆ ದಾಟಿ, ಹಿಮದಲ್ಲಿ ನಡೆದು ಕೆಲಸಕ್ಕೆ ಬರ್ತಿದ್ರು. ಮನೆಯವರು ಮೊದಲೇ ಮುಂಗಡ ತಗೊಂಡಿರ್ತಿದ್ರು, ತೀರೋವರೆಗೂ ದುಡೀಬೇಕು. ಮುಂಗಡದ ವ್ಯವಹಾರ ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೇಯಿಸಿದ ಗೂಡಿನ ಬಿಸಿ ನೀರಲ್ಲಿ ದಿನವಿಡೀ ಕೈಯಾಡಿಸಿ ಎಳೆ ಹುಡುಕಬೇಕು. ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತೆ, ಸತ್ತ ಹುಳದ ವಾಸನೆ ತಲೆಗೂದಲಿಗೂ ಅಂಟುತ್ತೆ. ಒಳ್ಳೇ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಬರೋ ಹುಳದ) ಗೂಡಾದರೆ ಒಂದರಲ್ಲಿ ಹೆಚ್ಚು ಕಮ್ಮಿ ಒಂದು ಕಿಲೋಮೀಟರ್ ಎಳೆ. ನಡುವೆ ತುಂಡಾದರೆ ಮತ್ತೆ ತುದಿ ಹುಡುಕಿ ಸೇರಿಸಬೇಕು.

ಇನ್ನೊಂದು ವಿಷಯ. ಆ ತಾಯಿ ತೋಟ ಮಾರಿದ್ದೇ ತಪ್ಪು ಅಂತ ನಮ್ಮ ಮನೆಯಲ್ಲಿ ಒಬ್ಬರು ಅಂದರು. ನನಗೆ ಹಾಗನ್ನಿಸಲ್ಲ. 1929ರಲ್ಲಿ ಅಮೆರಿಕದ ಷೇರುಪೇಟೆ ಮುರಿದು ಬಿತ್ತು. ಜಪಾನಿನ ಕಚ್ಚಾ ರೇಷ್ಮೆಯ ಬಹುಪಾಲು ಹೋಗ್ತಿದ್ದದ್ದೇ ಅಮೆರಿಕಕ್ಕೆ, ಅಲ್ಲಿನ ಹೆಂಗಸರ ಕಾಲುಚೀಲಕ್ಕೆ. ಬೆಲೆ ನೆಲಕಚ್ಚಿತು. ನಾಗಾನೊ ಸೀಮೆಯ ರೈತರು ಹೈರಾಣಾಗಿ ಹೋದರು. ತೋಟ ಇಟ್ಟುಕೊಂಡಿದ್ದರೂ ಅವಳು ಉಳೀತಿರಲಿಲ್ಲ. ಜಪಾನಿನ ಅಗ್ಗದ ರೇಷ್ಮೆ ಆ ದಿನಗಳಲ್ಲಿ ಇಲ್ಲಿಗೂ ಬಂದು ಮೈಸೂರು ಸಂಸ್ಥಾನದ ಬೆಳೆಗಾರರಿಗೂ ಏಟು ಕೊಟ್ಟಿತು. ಅಂದರೆ ಓ-ತ್ಸುನೆ ಕೆಲಸ ಮಾಡಿದ ಗಿರಣಿಗೂ ನಮ್ಮಜ್ಜನ ಚರಕಕ್ಕೂ ಒಂದೇ ಗಾಳಿ ಬೀಸಿದ್ದು.

ಅದೇ ಜಪಾನಿನವರು ನಮಗೆ ಕಲಿಸಿಯೂ ಕೊಟ್ಟರು. ಟಾಟಾ ಅವರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಬೆಂಗಳೂರಿಗೆ ಜಪಾನಿ ತಜ್ಞರನ್ನ ಕರೆಸಿ ರೇಷ್ಮೆ ತೋಟ ಮಾಡಿಸಿದ್ದರು. 1991ರಿಂದ ಕೇಂದ್ರ ರೇಷ್ಮೆ ಮಂಡಳಿ ಜೊತೆ ಜಪಾನಿನ ನೆರವಿನ ದ್ವಿತಳಿ ಯೋಜನೆ ಬಂತು. ಈಗ ಮಾರುಕಟ್ಟೆಯಲ್ಲಿ ನಾವು ಹರಾಜಿನಲ್ಲಿ ತರೋ ಸಿಎಸ್‌ಆರ್ ತಳಿಯ ಬಿಳಿ ಗೂಡು ಬೆಳೆದದ್ದು ಆ ಕೆಲಸದಿಂದ.

ಹಳೇ ರೀಲು

ಚಂದ್ರಿಕೆ ಅವರೇ, ನಾನು ನಲವತ್ತು ವರ್ಷದಿಂದ ಓಜು ನೋಡುತ್ತಿದ್ದೇನೆ. ಆ ಗಿರಣಿಯ ದೃಶ್ಯಗಳಲ್ಲಿ ನಾನು ನೋಡಿದ್ದು ಚೌಕಟ್ಟನ್ನು, ಬೆಳಕನ್ನು. ನೀರಿನ ಬಿಸಿ ನನಗೆ ಹೊಳೆದೇ ಇರಲಿಲ್ಲ.

ನೀವು ಹೇಳಿದ ಕುಸಿತಕ್ಕೆ ಇನ್ನೊಂದು ಮುಖವಿದೆ. 1929ರಲ್ಲೇ ಓಜು ಒಂದು ಮೂಕಿ ಚಿತ್ರ ಮಾಡಿದ್ದರು. ಹೆಸರೇ ‘ಕಾಲೇಜು ಮುಗಿಸಿದೆ, ಆದರೆ…’ ಅನ್ನುವಂತಿದೆ. ಪದವಿ ಕೈಯಲ್ಲಿದೆ, ಕೆಲಸವಿಲ್ಲ. ಆ ಹೆಸರು ಜಪಾನಿನಲ್ಲಿ ಆಡುಮಾತೇ ಆಗಿಹೋಯಿತು. ಹಾಗಾಗಿ ರ್‍ಯೋಸುಕೆ ಸೋಮಾರಿಯಲ್ಲ. ಅವನ ತಲೆಮಾರಿಗೆ ಓದಿದರೆ ಮೇಲೇರುತ್ತೀರಿ ಎಂದು ಹೇಳಿ ಏಣಿಯನ್ನು ತೋರಿಸಿದ್ದರು. ಹತ್ತಿದಾಗ ಮೇಲೆ ಅಟ್ಟವೇ ಇರಲಿಲ್ಲ.

ಮೇಷ್ಟ್ರ ಮಗಳು

ಯಾರೂ ಓಕುಬೊ ಮೇಷ್ಟ್ರ ಬಗ್ಗೆ ಹೇಳಲಿಲ್ಲ, ನಾನು ಹೇಳ್ತೀನಿ. ಮಗನನ್ನ ಓದಿಸಿ ಅಂತ ಹೇಳಿ ಹೋದವರು ಅವರೇ. ತಾವೂ ಹಳ್ಳಿ ಶಾಲೆ ಬಿಟ್ಟು ಹೆಚ್ಚಿನ ಓದಿಗೆ ಟೋಕಿಯೋಗೆ ಹೊರಟವರು. ಚಿಷು ರ್‍ಯೂ ಆ ಪಾತ್ರ ಮಾಡಿದಾರೆ, ಮುಂದೆ ‘ಟೋಕಿಯೋ ಸ್ಟೋರಿ’ಯ ಅಜ್ಜ ಆದರಲ್ಲ, ಅವರೇ. ಹದಿಮೂರು ವರ್ಷದ ಮೇಲೆ ತಾಯಿ-ಮಗ ಅವರನ್ನ ನೋಡೋಕೆ ಹೋದರೆ, ಮೇಷ್ಟ್ರು ಹಂದಿಮಾಂಸ ಕರಿದು ಮಾರೋ ಅಂಗಡಿ ಇಟ್ಟಿದಾರೆ! ತೋಂಕಾತ್ಸು. ಮನೆ ತುಂಬ ಮಕ್ಕಳು. ರಾತ್ರಿ ಅಳೋ ಕೂಸಿಗೆ ಮಂತ್ರದ ಚೀಟಿ ಅಂಟಿಸೋ ಉಪಾಯ ಹೇಳಿಕೊಡ್ತಾರೆ. ಆ ಜಾಗದಲ್ಲಿ ನನಗೆ ಗಂಟಲು ಕಟ್ಟಿತು.

ನಮ್ಮ ತಂದೆ ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು. ಸಂಜೆ ಮನೆಮನೆಗೆ ಹೋಗಿ ‘ಇವನನ್ನ ಹೈಸ್ಕೂಲಿಗೆ ಸೇರಿಸಿ, ಇವಳನ್ನ ಬಿಡಿಸಬೇಡಿ’ ಅಂತ ಹೇಳಿ ಬರ್ತಿದ್ದರು. ಎಷ್ಟು ಜನ ಅವರ ಮಾತು ಕೇಳಿ ದನ ಮಾರಿದರು, ಮರ ಕಡಿಸಿ ಮಾರಿದರು. ಕೆಲವರು ಮೇಲೆ ಬಂದರು, ಇನ್ನು ಕೆಲವರು ಊರಿಗೆ ವಾಪಸ್ ಬಂದು ಬಸ್‌ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟರು. ಅಂಥವರನ್ನ ದಾರಿಯಲ್ಲಿ ಕಂಡಾಗ ಅಪ್ಪ ಸೈಕಲ್ ಇಳಿದು ತುಂಬಾ ಹೊತ್ತು ಮಾತಾಡೋರು. ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತು ಬೇಜಾರು ಮಾಡಿಕೊಳ್ತಿದ್ದೆ. ಅಪ್ಪ ಯಾಕೆ ಅಷ್ಟು ಹೊತ್ತು ನಿಲ್ತಿದ್ದರು ಅಂತ ಈ ಸಿನಿಮಾ ನೋಡಿದ ಮೇಲೆ ನನಗೆ ತಿಳೀತು.

ಇಲ್ಲೊಂದು ಸಂಗತಿ ಸೇರಿಸಬೇಕು. ಓಜು ಕೂಡ ಇಪ್ಪತ್ತರ ಒಳಗೆ, ಪ್ರವೇಶ ಪರೀಕ್ಷೆಗಳಲ್ಲಿ ಫೇಲಾಗಿ, ಮಿಯೆ ಸೀಮೆಯ ಗುಡ್ಡದ ಹಳ್ಳಿಯೊಂದರಲ್ಲಿ ಸ್ವಲ್ಪ ಕಾಲ ಬದಲಿ ಮೇಷ್ಟ್ರಾಗಿದ್ದರು. ಅದು ಬಿಟ್ಟು ಟೋಕಿಯೋಗೆ ಬಂದು ಷೋಚಿಕು ಸೇರಿದ್ದು 1923ರಲ್ಲಿ. ಸಿನಿಮಾದ ಮೊದಲ ಭಾಗ ನಡೆಯೋದೂ 1923ರಲ್ಲೇ.

ಅರಾಕಾವಾ ದಡ

ಟೋಕಿಯೋದಿಂದ. ನಿಶಿ-ಕಸಾಯಿಯಲ್ಲಿ ಹದಿನಾರು ವರ್ಷದಿಂದ ಇದ್ದೀನಿ. ಇಲ್ಲಿ ಭಾರತೀಯರು ಬಹಳ, ಯುಗಾದಿಗೆ ಬೇವು-ಬೆಲ್ಲ ಹಂಚೋಷ್ಟು ಕನ್ನಡದವರೂ ಇದ್ದೀವಿ. ಅರಾಕಾವಾ ನದಿಯ ಸೇತುವೆ ದಾಟಿದರೆ ಆಚೆ ಕೋತೋ ವಾರ್ಡು. ಓಜು ಹುಟ್ಟಿದ ಫುಕಗಾವಾ ಅಲ್ಲೇ ಬರುತ್ತೆ. ಫುರುಯಿಶಿಬಾ ಅನ್ನೋ ಕಡೆ ವಾರ್ಡಿನ ಸಾಂಸ್ಕೃತಿಕ ಕೇಂದ್ರದಲ್ಲಿ ಅವರ ಬಗ್ಗೆ ಒಂದು ಪುಟ್ಟ ಪ್ರದರ್ಶನ ಇದೆ, ಭಾನುವಾರ ಮಗಳನ್ನ ಕರ್ಕೊಂಡು ಹೋಗಿದ್ದೆ.

ನೀವು ‘ದೊಡ್ಡ ಮನುಷ್ಯ’ ಅಂತ ಬರೆದಿರೋ ಪದ ಜಪಾನಿ ಭಾಷೆಯಲ್ಲಿ ‘ಎರಾಯ್’. ನಮ್ಮ ಪದದ ಹಾಗೇ ಅದಕ್ಕೂ ಎರಡು ಮುಖ ಇದೆ. ದರ್ಜೆಯಲ್ಲಿ ದೊಡ್ಡವನಿಗೂ ಎರಾಯ್ ಅಂತಾರೆ, ಮೆಚ್ಚತಕ್ಕ ಕೆಲಸ ಮಾಡಿದವನಿಗೂ ಅಂತಾರೆ. ತಟ್ಟೆಯಲ್ಲಿ ಬಿಡದೆ ಊಟ ಮಾಡಿದ ಮಗುವಿಗೂ ನಮ್ಮ ಪಕ್ಕದ ಮನೆ ಅಜ್ಜಿ ‘ಎರಾಯ್’ ಅಂತಾರೆ. ಲೆಕ್ಕದ ಪುಸ್ತಕ ಸರ್ ಹೇಳಿದ್ದು ಆ ಎರಡನೇ ಅರ್ಥ. ಹಳೇ ರೀಲು ಸರ್ ಹಿಡಿದಿರೋದು ಮೊದಲನೇದು. ಗಿರಣಿಯ ಜೊತೆಗಾತಿಗೆ ಕೇಳಿಸಿದ್ದೂ ಮೊದಲನೇದೇ ಇರಬೇಕು. ಓ-ತ್ಸುನೆ ಯಾವುದನ್ನ ಮನಸ್ಸಲ್ಲಿಟ್ಟುಕೊಂಡು ಹೇಳಿದಳೋ ಅವಳಿಗೇ ಗೊತ್ತು.

ನನಗೆ ಅತಿ ಹತ್ತಿರದ್ದು ಆ ಬಯಲಿನ ದೃಶ್ಯ. ತಾಯಿ-ಮಗ ಹುಲ್ಲಿನ ಮೇಲೆ ಕೂತಿದಾರೆ. ಎದುರಿಗೆ ಟೋಕಿಯೋದ ಕಸ ಸುಡೋ ಚಿಮಣಿಗಳು. ಮೇಲೆ ಬಾನಾಡಿ ಹಕ್ಕಿ ಕೂಗ್ತಿದೆ. ಮಗ ಕೇಳ್ತಾನೆ: ಅಮ್ಮಾ, ನಾನು ಹೀಗಾಗ್ತೀನಿ ಅಂತ ನೀವು ಅಂದುಕೊಂಡಿರಲಿಲ್ಲ ಅಲ್ವಾ? ಟೋಕಿಯೋಗೆ ಬರಬಾರದಿತ್ತು ಅಂತ ಒಂದೊಂದು ಸಲ ಅನ್ನಿಸುತ್ತೆ ಅಂತಾನೆ. ನನ್ನ ತಂದೆತಾಯಿ ಒಂದೇ ಸಲ ಇಲ್ಲಿಗೆ ಬಂದಿದ್ದರು. ನಮ್ಮ ಮನೆ ನೋಡಿ ಅಪ್ಪ ಕೇಳಿದ ಮೊದಲ ಮಾತು ‘ಇನ್ನೊಂದು ರೂಮು ಎಲ್ಲಿ?’ ಇನ್ನೊಂದು ರೂಮು ಇರಲಿಲ್ಲ. ಊರಲ್ಲಿ ನನ್ನ ಬಗ್ಗೆ ಏನು ಹೇಳಿದರು ಅಂತ ಆಮೇಲೆ ಅಣ್ಣನಿಂದ ತಿಳೀತು: ‘ಜಪಾನಲ್ಲಿ ದೊಡ್ಡ ಮನೆ, ಸೊಗಸಾಗಿದಾನೆ.’

ಲೆಕ್ಕದ ಪುಸ್ತಕ

ನಿಮ್ಮ ತಂದೆಯವರು ಹೇಳಿದ್ದರಲ್ಲಿ ಎರಡನೆಯ ಮಾತಾದರೂ ನಿಜವಿರಬಹುದಲ್ಲ?

ಅರಾಕಾವಾ ದಡ

ಇರಬಹುದು ಸರ್. ಅದನ್ನ ಅವರ ಬಾಯಿಂದ ಕೇಳೋಕೆ ಈಗ ಅವರಿಲ್ಲ.

ಧಾರವಾಡದಾಕಿ

ಸಿನಿಮಾದಾಗ ಆ ಸಿನಿಮಾ ಥೇಟರಿನ ಭಾಗ ನೆನಪೈತೇನ್ರಿ ಎಲ್ಲಾರಿಗೂ? ಮಗ ಭಾಳ ಹುರುಪಿನಿಂದ ಅವ್ವನ್ನ ಕರಕೊಂಡು ಹೋಗಿ, ಇದು ಮಾತಾಡೂ ಸಿನಿಮಾ ಅವ್ವಾ ಅಂತಾನ. ಶೂಬರ್ಟನ ಕಥಿ, ಜರ್ಮನ್ ಭಾಷಾದ್ದು. ಆಕಿ ಕುಂತಲ್ಲೇ ತೂಕಡಸ್ತಾಳ. ಓಜು ತನ್ನ ಮೊದಲನೆ ಮಾತಿನ ಸಿನಿಮಾದಾಗ ಮಾತಿನ ಸಿನಿಮಾ ನೋಡಕೋತ ನಿದ್ದಿ ಮಾಡೂ ಮುದುಕೀನ ತೋರಿಸ್ಯಾನ. ಸಾಲಾ ಮಾಡಿ ತಂದ ಟಿಕೀಟು ಅದು. ಮಗನ ಮುಖಾ ನೋಡ್ರಿ ಆವಾಗ. ಆದ್ರ ರಾತ್ರಿ ಗಾಡಿಯಂವ ಬಂದಾಗ ಶ್ಯಾವಿಗಿ ಸಾರು ಕೊಡಸ್ತಾನಲ್ಲ, ಅದನ್ನ ಆಕಿ ಮನಸಾರೆ ಉಣ್ಣತಾಳ. ಅವ್ವಂದಿರಿಗೆ ಏನ್ ಬೇಕು ಅನ್ನೂದು ಮಕ್ಕಳಿಗೆ ತಿಳಿಯೂದು ಹಿಂಗ, ಹೆಚ್ಚು ಖರ್ಚು ಮಾಡಿ ಸೋತ ಮ್ಯಾಲೆ.

ತಾಯಿ ಪಾತ್ರ ಮಾಡಿದ ಚೋಕೊ ಈದಾಗ ಆವಾಗ ನಲವತ್ತೂ ತುಂಬಿರಲಿಲ್ಲಂತ. ಬೆನ್ನು ನೋಡಿದ್ರ ಎಪ್ಪತ್ತರ ಮುದುಕಿ ಕಂಡಂಗ ಕಾಣತಾಳ.

ಹಳೇ ರೀಲು

ಎರಡು ದಿನದಿಂದ ಯೋಚಿಸುತ್ತಿದ್ದೆ. ಸುಳ್ಳು ಎಂದು ಅಷ್ಟು ಖಚಿತವಾಗಿ ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ತಾಯಿ ಹೊರಟ ಮೇಲೆ, ಅವಳು ಬಿಟ್ಟುಹೋದ ದುಡ್ಡು ನೋಡಿ ಮಗ ಹೆಂಡತಿಗೆ ಹೇಳುತ್ತಾನೆ, ಮತ್ತೆ ಓದುತ್ತೇನೆ, ಮೇಲಿನ ಶಾಲೆಯ ಶಿಕ್ಷಕರ ಪರೀಕ್ಷೆಗೆ ಕೂರುತ್ತೇನೆ ಎಂದು. ತಾಯಿಗೆ ಇದು ಗೊತ್ತಿಲ್ಲ. ಅವಳು ಆ ಹೊತ್ತಿಗೆ ರೈಲಿನಲ್ಲಿರುತ್ತಾಳೆ. ಅವಳು ಗಿರಣಿಯಲ್ಲಿ ಮಗನ ಬಗ್ಗೆ ಹೇಳುವ ಮಾತಿಗೂ ಅವನ ಈ ನಿರ್ಧಾರಕ್ಕೂ ನಡುವೆ ಎಷ್ಟೋ ಮೈಲಿ. ಮಾತು ಆಡಿದವಳಿಗೆ ಅದು ನಿಜವೆಂದು ಗೊತ್ತಿಲ್ಲ, ನಿಜ ಮಾಡಲು ಹೊರಟವನಿಗೆ ಅವಳು ಆಡಿದ್ದು ಗೊತ್ತಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಲೆಕ್ಕ ತೋರಿಸುತ್ತಿಲ್ಲ, ಆದರೂ ಇಬ್ಬರೂ ಋಣ ತೀರಿಸುತ್ತಿದ್ದಾರೆ. ಆದರೂ ಆ ಅಂಗಳದ ಮುಖವನ್ನು ನಾನು ಮರೆಯಲಾರೆ. ಅಲ್ಲಿ ನೆಮ್ಮದಿ ಇಲ್ಲ.

1941ರ ‘ತೋದಾ ಮನೆತನದ ಅಣ್ಣತಂಗಿಯರು’ ನೋಡದವರು ನೋಡಿ. ಅಲ್ಲಿ ಶ್ರೀಮಂತ ಮನೆ. ಅಪ್ಪ ಸತ್ತ ಮೇಲೆ ಸಾಲ ಹೊರಬೀಳುತ್ತದೆ. ತಾಯಿ ಮತ್ತು ಕಿರಿಯ ಮಗಳು ಒಂದು ಮನೆಯಿಂದ ಇನ್ನೊಂದಕ್ಕೆ ಸಾಮಾನಿನ ಹಾಗೆ ಸಾಗುತ್ತಾರೆ. ಇದನ್ನು ನೋಡಿ ಅದನ್ನು ನೋಡಿದರೆ ಓ-ತ್ಸುನೆಯ ಮಗನ ಬೆಲೆ ತಿಳಿಯುತ್ತದೆ.

ಹಿಪ್ಪುನೇರಳೆ

ಎಲ್ಲರ ಮಾತೂ ಓದಿದೆ. ಈ ಭಾನುವಾರ ಊರಿಗೆ ಹೋಗಿದ್ದೆ. ಲ್ಯಾಪ್‌ಟಾಪ್ ಸ್ಟೂಲಿನ ಮೇಲಿಟ್ಟು ಅಮ್ಮನಿಗೆ ಈ ಸಿನಿಮಾ ತೋರಿಸಿದೆ. ಪಕ್ಕದಲ್ಲಿ ಕೂತು ಮಾತುಗಳನ್ನ ಕನ್ನಡದಲ್ಲಿ ಹೇಳ್ತಾ ಹೋದೆ.

ಮೊದಲ ಗಿರಣಿ ದೃಶ್ಯಕ್ಕೇ ಅಮ್ಮ ಮುಂದಕ್ಕೆ ಬಾಗಿ ಕೂತರು. ‘ನೋಡು, ಸಾಲಾಗಿ ಹೆಂಗೆ ನಿಂತವ್ರೆ, ನಮ್ಮಂಗೇ’ ಅಂದರು. ಅಷ್ಟು ಹೊತ್ತು ನಾನು ಅಮ್ಮನ ಕೈ ನೋಡ್ತಿದ್ದೆ. ರಾತ್ರಿ ಮಾತುಕತೆಯ ದೃಶ್ಯ ಬಂದಾಗ ನಾನು ಕನ್ನಡ ಮಾಡಿ ಹೇಳೋದನ್ನ ನಿಲ್ಲಿಸಿಬಿಟ್ಟೆ, ಆಗಲಿಲ್ಲ. ಅಮ್ಮ ‘ಹೇಳಪ್ಪ’ ಅನ್ನಲಿಲ್ಲ. ಆಮೇಲೆ ಅಲ್ಲೇ, ಸಿನಿಮಾ ಓಡ್ತಾ ಇರುವಾಗಲೇ, ಆ ಐದು ತಿಂಗಳ ವಿಷಯ ಹೇಳಿದೆ. ‘ಗೊತ್ತಿತ್ತು’ ಅಂದರು. ಹೇಗೆ ಅಂತ ಕೇಳಿದೆ. ‘ಮುಂಚೆ ದುಡ್ಡು ಒಂದೊಂದ್ ತಿಂಗಳು ಲೇಟಾಗ್ತಿತ್ತು. ಆ ಐದು ತಿಂಗಳು ಒಂದನೇ ತಾರೀಕು ತಪ್ಪಲಿಲ್ಲ’ ಅಂದರು. ಆ ದುಡ್ಡನ್ನ ಮುಟ್ಟೇ ಇಲ್ಲವಂತೆ, ಪಾಸ್‌ಬುಕ್ ತಂದು ತೋರಿಸಿದರು.

ಕೊನೆಯ ದೃಶ್ಯದಲ್ಲಿ ಓ-ತ್ಸುನೆ ಅಂಗಳಕ್ಕೆ ಬಂದು ಕೂತಾಗ ನಾನು ಅಮ್ಮ ಅಳ್ತಾರೆ ಅಂದುಕೊಂಡಿದ್ದೆ. ಅವರು ‘ಕೆಲಸದ ಹೊತ್ನಾಗೆ ಹೊರಗ್ ಬಂದ್ ಕುಂತವಳೆ, ಮೇಸ್ತ್ರಿ ಕಂಡ್ರೆ ಅರ್ಧ ದಿನದ ಕೂಲಿ ಹಿಡೀತಾನೆ’ ಅಂದರು. ದನಿಯಲ್ಲಿ ಗಾಬರಿ ಇತ್ತು.

ಆ ಮಾತು ಸುಳ್ಳಾ ನಿಜಾನಾ ಅಂತ ನಾನು ಕೇಳಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಅವರು ಒಲೆ ಮುಂದೆ ಹೋಗಿ, ಅನ್ನಕ್ಕಿಟ್ಟು, ಸೆರಗಲ್ಲಿ ಕೈ ಒರೆಸಿಕೊಳ್ತಾ ವಾಪಸ್ ಬಂದು ಬಾಗಿಲಲ್ಲಿ ನಿಂತು ಕೇಳಿದರು: ‘ಕುದುರೆ ಒದ್ದಿದ್ದು ಆ ಹುಡುಗ, ಹುಷಾರಾದ್ನಾ?’